ಉತ್ತರ: ಸಾಫ್ಟ್‌ವೇರ್ ಬಂದರೂ ಒಪಿಡಿ ಪುಸ್ತಕ ಬಿಡುತ್ತಿಲ್ಲ

ತುಮಕೂರು ಜಿಲ್ಲೆಯ ತಾಲ್ಲೂಕು ಆಸ್ಪತ್ರೆಯಲ್ಲಿ ಆನ್‌ಲೈನ್ ನೋಂದಣಿ ಶುರುವಾದರೂ ಸಿಬ್ಬಂದಿ ಹೊರರೋಗಿಗಳ (ಒಪಿಡಿ) ವಿವರವನ್ನು ಪುಸ್ತಕದಲ್ಲೇ ಬರೆಯುತ್ತಿದ್ದಾರೆ, ಒಪ್ಪಿಸುವುದು ಹೇಗೆ ಅಂತ ಕೇಳಿದ್ದೀರಿ.

ಇನ್ನೊಂದು ತರಬೇತಿ ಇಡಬೇಡಿ ಸರ್. ಅವರ ತಕರಾರು ಕಂಪ್ಯೂಟರ್ ಮೇಲಲ್ಲ, ಒಂದೇ ವಿವರ ಎರಡು ಸಲ ಬರೆಯುವುದರ ಮೇಲೆ. ಪುಸ್ತಕ ಯಾವ ತಾರೀಖಿನಿಂದ ನಿಲ್ಲುತ್ತದೆ, ತಿಂಗಳ ವರದಿ ಸಾಫ್ಟ್‌ವೇರ್‌ನಿಂದಲೇ ತೆಗೆದರೆ ಸಾಕು ಎಂದು ಆಡಳಿತ ವೈದ್ಯಾಧಿಕಾರಿಗಳಿಂದ ಲಿಖಿತ ಆದೇಶ ಮಾಡಿಸಿ. ಬಾಯಿಮಾತಿಗೆ ಯಾರೂ ಪುಸ್ತಕ ಬಿಡುವುದಿಲ್ಲ; ನಾಳೆ ಆಡಿಟ್‌ನವರು ಕೇಳಿದರೆ ಉತ್ತರ ಕೊಡಬೇಕಾದವರು ಸಿಬ್ಬಂದಿಯೇ ತಾನೇ?

ಕರೆಂಟ್, ನೆಟ್‌ವರ್ಕ್ ಹೋದಾಗ ಏನು ಮಾಡಬೇಕೆಂಬುದೂ ಆ ಆದೇಶದಲ್ಲೇ ಇರಲಿ: ಕ್ರಮಸಂಖ್ಯೆ ಹಾಕಿದ ಚೀಟಿ ಕೊಡುವುದು, ಅದೇ ದಿನ ಮಧ್ಯಾಹ್ನ ಯಾರು ಎಂಟ್ರಿ ಮಾಡಬೇಕು ಎಂಬುದು. ಯುಪಿಎಸ್ ಬೇಡಿಕೆಯನ್ನು ಆಸ್ಪತ್ರೆಯ ಮೇಲುಸ್ತುವಾರಿ ನೋಡುವ ಆರೋಗ್ಯ ರಕ್ಷಾ ಸಮಿತಿ ಸಭೆಗೆ ತನ್ನಿ. ಸದಸ್ಯರಿಗೂ ಈ ವ್ಯವಸ್ಥೆ ತಮ್ಮದು ಅನ್ನಿಸುತ್ತದೆ.

ಆಭಾ (ರೋಗಿಯ ಡಿಜಿಟಲ್ ಆರೋಗ್ಯ ಗುರುತಿನ ಸಂಖ್ಯೆ) ಮಾಡಿಸುವ ಕೌಂಟರ್‌ನಲ್ಲಿ ಜಗಳ ಹುಟ್ಟುವುದು ಒಟಿಪಿಯಿಂದ. ಆಧಾರ್‌ಗೆ ಜೋಡಿಸಿದ ಹಳೇ ನಂಬರ್ ಬಂದ್ ಆಗಿರುತ್ತದೆ, ಇಲ್ಲವೇ ಫೋನ್ ಮಗನ ಹತ್ತಿರ ಬೆಂಗಳೂರಿನಲ್ಲಿರುತ್ತದೆ. 14 ಅಂಕಿಯ ಆಭಾ ಸಂಖ್ಯೆ ಕಡ್ಡಾಯವಲ್ಲ, ಅದಿಲ್ಲದೆಯೂ ಚಿಕಿತ್ಸೆ ಸಿಗುತ್ತದೆ ಅಂತ ಬೋರ್ಡ್ ಹಾಕಿ. ವಯಸ್ಸಾದವರಿಗೆ ಬೇರೆ ಸಾಲು ಮಾಡಿ. ಪಾವಗಡ ಕಡೆಯಾದರೆ ತೆಲುಗಿನಲ್ಲೂ ವಿವರಿಸುವ ಒಬ್ಬರು ಅಲ್ಲಿರಲಿ.

ವೈದ್ಯರನ್ನು ಕೊನೆಗೆ ಸೇರಿಸಿ. ಫಾರ್ಮಸಿಯಲ್ಲಿರುವ ಔಷಧಿ ದಾಸ್ತಾನು ಅವರ ಪರದೆಯಲ್ಲಿ ಕಾಣದ ಹೊರತು ಅವರಿಗೆ ಇದು ಬರೀ ಟೈಪಿಂಗ್ ಕೆಲಸ.