ಇಂಗ್ಲೆಂಡಿನ ಮೆಟಲ್ ಸಂಗೀತ ತಂಡ ಗಾಡ್‌ಫ್ಲೆಶ್‌ನ ಗಿಟಾರ್ ವಾದಕ ಜಸ್ಟಿನ್ ಬ್ರಾಡ್ರಿಕ್ ಡ್ರಮ್ಮರ್ ಬದಲು ಡ್ರಮ್ ಯಂತ್ರವನ್ನೇ ಯಾಕೆ ನೆಚ್ಚಿಕೊಂಡರು?

ಅವರಿಗೆ ಬೇಕಿದ್ದದ್ದೇ ಮನುಷ್ಯರ ಕೈಗೆ ಬಾರದ, ದಣಿಯದ ಒಂದೇ ಸಮನಾದ ಹೊಡೆತ. ಡ್ರಮ್ ಬಾರಿಸಲು ಬಾರದೆ ಮಾಡಿದ ರಾಜಿಯಲ್ಲ ಇದು. ಹೆಡ್ ಆಫ್ ಡೇವಿಡ್ ತಂಡದಲ್ಲಿ ಅವರೇ ಡ್ರಮ್ಮರ್. ಅದಕ್ಕೂ ಮೊದಲು, 1986ರಲ್ಲಿ, ನೇಪಾಮ್ ಡೆತ್ ತಂಡದ ‘ಸ್ಕಮ್’ ಆಲ್ಬಮ್ಮಿನ ಮೊದಲ ಬದಿಗೆ ಗಿಟಾರ್ ನುಡಿಸಿದ್ದರು. 1988ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಬಾಸ್ ವಾದಕ ಜಿ. ಸಿ. ಗ್ರೀನ್ ಜೊತೆ ಗಾಡ್‌ಫ್ಲೆಶ್ ಕಟ್ಟಿದರು, ಮರುವರ್ಷವೇ ‘ಸ್ಟ್ರೀಟ್‌ಕ್ಲೀನರ್’ ಆಲ್ಬಮ್ ಬಂತು.

ಡ್ರಮ್ಮರ್ ಇದ್ದರೆ ಗಿಟಾರ್ ಕೊಂಚ ಹಿಂದೆ ಬಿದ್ದಾಗ ಅವನೂ ನಿಧಾನಿಸುತ್ತಾನೆ. ಯಂತ್ರ ಕಾಯುವುದಿಲ್ಲ. ನಿಮಿಷಕ್ಕೆ 80 ಬೀಟ್ ಇಟ್ಟರೆ ಪ್ರತಿ ಬೀಟಿಗೆ ಸರಿಯಾಗಿ 750 ಮಿಲಿಸೆಕೆಂಡ್. ತಂತಿಯ ಏಟು 40–50 ಮಿಲಿಸೆಕೆಂಡ್ ತಡವಾದರೂ ಒಂದೇ ಏಟು ಎರಡಾಗಿ ಒಡೆದಂತೆ ಕೇಳುತ್ತದೆ. ಇನ್ನೊಂದು ತೊಂದರೆ, ಡಿಸ್ಟಾರ್ಶನ್ (ಗಿಟಾರ್ ಸದ್ದನ್ನು ಬೇಕೆಂದೇ ಒರಟಾಗಿಸುವುದು) ಹೆಚ್ಚಿದಷ್ಟೂ ತಂತಿಯ ಗುಂಯ್‌ಗುಡುವಿಕೆ ಮುಂದಿನ ಏಟಿನವರೆಗೂ ಎಳೆದು, ನಡುವಿನ ಮೌನವನ್ನು ನುಂಗಿಬಿಡುತ್ತದೆ. ಆ ಮೌನ ಉಳಿಯದಿದ್ದರೆ ಭಾರವೂ ಇಲ್ಲ. ಅದಕ್ಕೇ ಬಲ ಅಂಗೈಯ ಅಂಚನ್ನು ಬ್ರಿಡ್ಜ್ (ಗಿಟಾರಿನ ಮೈಮೇಲೆ ತಂತಿಗಳು ಕೂರುವ ಪಟ್ಟಿ) ಪಕ್ಕ ಒತ್ತಿ ತಂತಿಯ ಬಾಯಿ ಮುಚ್ಚಿಸಬೇಕು.

ತೊಂಬತ್ತರ ದಶಕದ ನಡುವಿನಿಂದ ಅವರು ನಿಜವಾದ ಡ್ರಮ್ಮರ್‌ಗಳನ್ನೂ ಕರೆತಂದರು: ಮೊದಲು ಬ್ರಯನ್ ಮಾಂಟಿಯಾ, ಆಮೇಲೆ ಟೆಡ್ ಪಾರ್ಸನ್ಸ್. 2002ರಲ್ಲಿ ತಂಡ ಮುರಿಯಿತು, ಬ್ರಾಡ್ರಿಕ್ ‘ಜೇಸು’ ಎಂಬ ಹೊಸ ತಂಡದೊಂದಿಗೆ ನಿಧಾನಗತಿಯ, ಹೆಚ್ಚು ಇಂಪಾದ ದಾರಿ ಹಿಡಿದರು. 2010ರಲ್ಲಿ ಗಾಡ್‌ಫ್ಲೆಶ್ ಮತ್ತೆ ವೇದಿಕೆ ಹತ್ತಿದಾಗ ಇದ್ದದ್ದು ಅದೇ ಇಬ್ಬರು, ಹಿಂದೆ ಅದೇ ಡ್ರಮ್ ಯಂತ್ರದ ಸದ್ದು.