ರಾಯಚೂರಿನ ಲಾರಿ ಮತ್ತು ಡೀಸೆಲ್ ಚೀಟಿ

ಗಡಿಯಲ್ಲಿರುವ ರಾಯಚೂರಿನ ಲಾರಿಯವರಿಗೆ ಡೀಸೆಲ್ ಏರಿದರೂ ಪಕ್ಕದ ರಾಜ್ಯದಲ್ಲಿ ಹಾಕಿಸಿಕೊಳ್ಳುವ ಅನುಕೂಲವಿದೆ, ಉಳಿದ ಖರ್ಚನ್ನು ಆದಾಯ ತೆರಿಗೆಯಲ್ಲಿ ಕಳೆದುಕೊಂಡರಾಯಿತಲ್ಲ ಎಂದು ಕೇಳಿದ್ದೀರಿ. ರಾಯಚೂರಿನ ಮಟ್ಟಿಗೆ ಮೊದಲನೆಯದು ತಲೆಕೆಳಗು; ಎರಡನೆಯದು ಕೆಲವರಿಗೆ ಮಾತ್ರ ನಿಜ.

ಬಳ್ಳಾರಿ ಸಮೀಪದ ಹಗರಿಯಿಂದ ಹೊರಡುವ 167ನೇ ರಾಷ್ಟ್ರೀಯ ಹೆದ್ದಾರಿ ಆಂಧ್ರದ ಆಲೂರು, ಆದೋನಿಗಳನ್ನು ಹಾದು, ರಾಯಚೂರಿನಲ್ಲಿ ಮತ್ತೆ ಕರ್ನಾಟಕಕ್ಕೆ ಬಂದು, ಕೃಷ್ಣೆಯನ್ನು ದಾಟಿ ತೆಲಂಗಾಣದ ಮಹಬೂಬ್‌ನಗರದ ಕಡೆಗೆ ಹೋಗುತ್ತದೆ. ಒಂದೇ ದಾರಿಯಲ್ಲಿ ಮೂರು ರಾಜ್ಯಗಳ ದರಫಲಕ ಕಾಣುವ ಡ್ರೈವರಿಗೆ ಎಲ್ಲಿ ಟ್ಯಾಂಕ್ ತುಂಬಿಸಬೇಕೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ನಮ್ಮ ಸರ್ಕಾರ 2025ರ ಏಪ್ರಿಲ್ 1ರಿಂದ ಡೀಸೆಲ್ ಮೇಲಿನ ಮಾರಾಟ ತೆರಿಗೆಯನ್ನು ಶೇ 21.17ಕ್ಕೆ ಏರಿಸಿ, ಲೀಟರಿಗೆ 2 ರೂಪಾಯಿ ಹೆಚ್ಚಾದಾಗಲೂ ಆಂಧ್ರ, ತೆಲಂಗಾಣಗಳಿಗಿಂತ ಇಲ್ಲಿಯ ದರವೇ ಕಡಿಮೆ ಇತ್ತು. ಹೀಗಾಗಿ ಹೈದರಾಬಾದಿಗೆ ಅಕ್ಕಿ ಒಯ್ಯುವ ನಮ್ಮ ಲಾರಿಗಳು ಇಲ್ಲೇ ಫುಲ್ ಟ್ಯಾಂಕ್ ಮಾಡಿಸಿಕೊಂಡು ಹೊರಡುತ್ತವೆ, ಆಚೆಯ ಲಾರಿಗಳೂ ಈಚೆಯ ಪಂಪುಗಳಲ್ಲೇ ನಿಲ್ಲುತ್ತವೆ. ಆದರೆ ವಾಪಸ್ ಲೋಡ್ ಸಿಗದೆ ಖಾಲಿ ಬಂದರೆ ಹಾಗೆ ಉಳಿಸಿದ ಹಣ ದಾರಿಯಲ್ಲೇ ಕರಗುತ್ತದೆ.

ಇನ್ನು ತೆರಿಗೆಯ ಮಾತು. ಬಾಡಿಗೆಗೆ ಲಾರಿ ಓಡಿಸುವ ಸಣ್ಣ ಮಾಲೀಕರಲ್ಲಿ ಹೆಚ್ಚಿನವರು ಹಿಡಿಯುವುದು 1961ರ ಕಾಯ್ದೆಯಲ್ಲಿ 44ಎಇ ಎಂದು ಹೆಸರಾಗಿದ್ದ ಅಂದಾಜು ಆದಾಯದ ದಾರಿಯನ್ನು. ಹತ್ತಕ್ಕಿಂತ ಹೆಚ್ಚು ಸರಕು ವಾಹನ ಇಲ್ಲದವರಿಗೆ ಇದು ಅನ್ವಯಿಸುತ್ತದೆ. ಒಟ್ಟು ತೂಕ 12 ಟನ್ ಮೀರಿದ ವಾಹನಕ್ಕೆ ತಿಂಗಳಿಗೆ ಟನ್ನಿಗೆ 1,000 ರೂಪಾಯಿ, ಉಳಿದವಕ್ಕೆ ತಿಂಗಳಿಗೆ 7,500 ರೂಪಾಯಿ ಆದಾಯವೆಂದು ಹಿಡಿಯುತ್ತಾರೆ. 16 ಟನ್ನಿನ ಲಾರಿಯಾದರೆ ವರ್ಷಕ್ಕೆ 1,92,000 ರೂಪಾಯಿ. ಅದು ಎರಡು ತಿಂಗಳು ಶೆಡ್ಡಿನಲ್ಲಿ ನಿಂತಿದ್ದರೂ ಲೆಕ್ಕ ಇಷ್ಟೇ, ಏಕೆಂದರೆ ಎಣಿಸುವುದು ಓಡಿದ ತಿಂಗಳನ್ನಲ್ಲ, ನಿಮ್ಮ ಹೆಸರಿನಲ್ಲಿದ್ದ ತಿಂಗಳನ್ನು. ಡೀಸೆಲ್, ಡ್ರೈವರ್ ಬತ್ತಾ, ಟೈರು, ಸವಕಳಿ (ವರ್ಷ ವರ್ಷ ಇಳಿಯುವ ಗಾಡಿಯ ಬೆಲೆ) ಎಲ್ಲವೂ ಆ ಅಂಕಿಯೊಳಗೇ ಕಳೆದುಹೋದಂತೆ. ಡೀಸೆಲ್ ಎಷ್ಟೇ ಏರಲಿ, ಆ ಅಂಕಿ ಕದಲುವುದಿಲ್ಲ. ನಿಜವಾದ ಲಾಭ ಅದಕ್ಕಿಂತ ಕಡಿಮೆ ಎಂದು ತೋರಿಸಬೇಕಾದರೆ ಲೆಕ್ಕಪುಸ್ತಕ ಇಟ್ಟು ಆಡಿಟ್ ಮಾಡಿಸಬೇಕು. ಹೊಸ ತೆರಿಗೆ ಪದ್ಧತಿಯಲ್ಲಿ 2025–26ರಿಂದ 12 ಲಕ್ಷದವರೆಗಿನ ಆದಾಯಕ್ಕೆ ವ್ಯಕ್ತಿಗಳು ತೆರಿಗೆ ಕಟ್ಟಬೇಕಾಗಿಲ್ಲವಾದ್ದರಿಂದ, ಒಂದೆರಡು ಲಾರಿಯವರಿಗೆ ಆ ಉಸಾಬರಿ ಬೇಕಾಗಿಯೂ ಇಲ್ಲ. ಕಟ್ಟುವ ತೆರಿಗೆಯೇ ಇಲ್ಲದವರು ಖರ್ಚನ್ನು ಯಾವುದರಲ್ಲಿ ಕಳೆಯಬೇಕು?

ಡೀಸೆಲ್ ಹಾಕಿಸಿದ್ದಕ್ಕೆ ಪಂಪಿನವರು ಕೊಡುವ ಚೀಟಿಯ ಬೆಲೆ ಗೊತ್ತಾಗುವುದು ಅಕ್ಕಿ ಮಿಲ್ಲು, ಹತ್ತಿ ಜಿನ್ನಿಂಗ್ ನಡೆಸುವವರಿಗೆ. ಅವರ ಲಾರಿ ಸ್ವಂತ ಮಾಲಿಗೆ ಓಡುವುದರಿಂದ 44ಎಇ ದಾರಿ ಅವರಿಗಿಲ್ಲ, ನಿಜವಾದ ಖರ್ಚನ್ನೇ ತೋರಿಸಬೇಕು. ಬಾಡಿಗೆ ಲಾರಿಗೆ ಶೇ 30ರ ಸವಕಳಿ ಸಿಕ್ಕರೆ ಇವರದಕ್ಕೆ ಶೇ 15. ಒಂದು ದಿನದಲ್ಲಿ ಒಬ್ಬರಿಗೆ 10,000 ರೂಪಾಯಿ ಮೀರಿ ನಗದು ಕೊಟ್ಟರೆ ಆ ಖರ್ಚನ್ನು ಇಲಾಖೆ ಒಪ್ಪುವುದಿಲ್ಲ. ಸರಕು ಸಾಗಣೆಯವರಿಗೆ ಕೊಡುವ ಬಾಡಿಗೆಗಾದರೆ ಈ ಮಿತಿ 35,000. ಇಲ್ಲಿ ಪಂಪಿನಲ್ಲಿ ಉದ್ರಿ ಬರೆಸಿ ತಿಂಗಳ ಕೊನೆಗೆ ನೋಟಿನ ಕಟ್ಟು ಕೊಟ್ಟು ಚುಕ್ತಾ ಮಾಡುವ ರೂಢಿ ಇದೆ, ಪೆಟ್ಟು ಬೀಳುವುದೇ ಅಲ್ಲಿ. ಚೆಕ್ಕಿನಲ್ಲೋ ಖಾತೆಯಿಂದಲೋ ಕೊಟ್ಟರೆ ತಕರಾರಿಲ್ಲ. ಮಾಲೀಕರ ಕಾರಿನ ಪೆಟ್ರೋಲಿನಲ್ಲಿ ಮನೆಯ ಓಡಾಟದ ಪಾಲನ್ನು ಬಿಟ್ಟೇ ತೋರಿಸಬೇಕು. ಮಂತ್ರಾಲಯಕ್ಕೆ ಹೋಗಿ ಬಂದದ್ದು ವ್ಯಾಪಾರವಾಗುವುದಿಲ್ಲ.

ಪಂಪಿನ ಯಂತ್ರ ಕೊಡುವ ನುಣುಪು ಚೀಟಿ ನಮ್ಮ ಬಿಸಿಲಿಗೆ ಡ್ಯಾಶ್‌ಬೋರ್ಡಿನ ಮೇಲೆ ಬೇಗನೆ ಕಪ್ಪಾಗಿ ಅಕ್ಷರವೇ ಕಾಣದಂತಾಗುತ್ತದೆ. ಆದ್ದರಿಂದ ತಿಳಿದ ಗುಮಾಸ್ತರು ಚೀಟಿ ಬಂದ ಕೂಡಲೇ ಜೆರಾಕ್ಸ್ ತೆಗೆಸಿ, ಗಾಡಿ ನಂಬರ್, ಮೀಟರಿನ ಕಿಲೋಮೀಟರ್, ಹೋದ ಊರು ಬರೆದು ಫೈಲಿಗೆ ಸೇರಿಸುತ್ತಾರೆ. ಡೀಸೆಲ್ ಜಿಎಸ್‌ಟಿಯ ಹೊರಗಿರುವುದರಿಂದ ಅದರ ಮೇಲೆ ಕೊಟ್ಟ ತೆರಿಗೆಯನ್ನು ತಾವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆದುಕೊಳ್ಳುವ (ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್) ದಾರಿ ಯಾರಿಗೂ ಇಲ್ಲ.

ಬಾಡಿಗೆ ಲಾರಿಯವರಿಗೆ ಉಳಿದಿರುವುದು ಬಾಡಿಗೆಯ ಮಾತುಕತೆಯೊಂದೇ. ಮಾತು ಮುಗಿಸುವಾಗ ಅಂದಿನ ಡೀಸೆಲ್ ದರವನ್ನು ಬರೆದಿಟ್ಟು, ಲೀಟರಿಗೆ ಇಷ್ಟು ಏರಿದರೆ ಬಾಡಿಗೆ ಇಷ್ಟು ಏರಬೇಕೆಂದು ಸೀಸನ್ನಿನ ಮೊದಲೇ ಮಿಲ್ಲಿನವರಿಂದ ಒಪ್ಪಿಗೆ ಪಡೆಯುವುದು ಮೇಲು. ಭತ್ತ ಬಂದು ಲಾರಿಗಳು ಸಾಲುಗಟ್ಟಿದ ಮೇಲೆ ಆ ಮಾತಿಗೆ ಯಾರೂ ಕಿವಿಗೊಡುವುದಿಲ್ಲ.