ಅಟೆನೊಲಾಲ್ ಮತ್ತು ಅಪ್ಪನ ಕಿಡ್ನಿ

ಅಪ್ಪನ ಕ್ರಿಯಾಟಿನಿನ್ (ಕಿಡ್ನಿ ಸೋತಷ್ಟೂ ರಕ್ತದಲ್ಲಿ ಏರುವ ಕಸ) 2.4 ಬಂದಿದೆ, ಬಿಪಿಗೆ ದಿನಾ ನುಂಗುವ ಅಟೆನೊಲಾಲ್ 100 ಎಂಜಿಯಿಂದಲೇ ಕಿಡ್ನಿ ಹಾಳಾಯ್ತಾ, ಇವತ್ತೇ ನಿಲ್ಲಿಸಿಬಿಡಲಾ ಅಂತ ಕೇಳಿದ್ದೀರಿ. ದಯವಿಟ್ಟು ನಿಲ್ಲಿಸಬೇಡಿ. ನಮ್ಮ ದೊಡ್ಡಪ್ಪ ಇಂಥದ್ದೇ ರಿಪೋರ್ಟ್ ನೋಡಿ ಹೆದರಿ ರಾತ್ರೋರಾತ್ರಿ ಮಾತ್ರೆ ಬಿಟ್ಟರು. ಎರಡು-ಮೂರು ದಿನದಲ್ಲಿ ಎದೆ ಡವಗುಟ್ಟಿ, ಬಿಪಿ 200 ದಾಟಿ, ಜಯನಗರದ ಒಂದು ಆಸ್ಪತ್ರೆಯ ಎಮರ್ಜೆನ್ಸಿ ಸೇರಿದರು.

ಕಾರಣ ಇಷ್ಟು. ಅಟೆನೊಲಾಲ್ ಒಂದು ಬೀಟಾ ಬ್ಲಾಕರ್, ಅಂದರೆ ಅಡ್ರಿನಲಿನ್ ಹೃದಯದ ಮೇಲೆ ಕೆಲಸ ಮಾಡದಂತೆ ತಡೆಯುವ ಮಾತ್ರೆ. ಇದನ್ನು ಬಹಳ ಕಾಲ ತಗೊಂಡವರ ಹೃದಯದಲ್ಲಿ ಬೀಟಾ ರಿಸೆಪ್ಟರ್‌ಗಳು (ಅಡ್ರಿನಲಿನ್ ಬಂದು ಕೂರುವ ಜಾಗಗಳು) ಹೆಚ್ಚಾಗಿರುತ್ತವೆ. ಮಾತ್ರೆ ತಟ್ಟನೆ ನಿಂತರೆ ಅಡ್ರಿನಲಿನ್ ಅಷ್ಟರ ಮೇಲೂ ಒಟ್ಟಿಗೇ ಕೆಲಸ ಮಾಡುತ್ತೆ. ನಾಡಿ, ಬಿಪಿ ಎರಡೂ ಜಿಗಿಯುತ್ತವೆ. ಹೃದಯದ ರಕ್ತನಾಳದಲ್ಲಿ ಬ್ಲಾಕ್ ಇದ್ದವರಿಗೆ ಹಾರ್ಟ್ ಅಟ್ಯಾಕ್ ಕೂಡ ಆಗಬಹುದು. ಬಿಡಲೇಬೇಕಾದರೆ ಡಾಕ್ಟರ್ ಹೇಳಿದಂತೆ 1–2 ವಾರದಲ್ಲಿ ಸ್ವಲ್ಪ ಸ್ವಲ್ಪವೇ ಇಳಿಸಬೇಕು. ಅಷ್ಟು ದಿನ ಶ್ರಮದ ಕೆಲಸ ಬೇಡ.

ಮಾತ್ರೆ ಕಿಡ್ನಿ ಕೆಡಿಸಿತು ಅನ್ನೋದನ್ನೇ ನಾನು ಒಪ್ಪಲ್ಲ. ಕೆಟ್ಟ ಕಿಡ್ನಿ ಮಾತ್ರೆಯನ್ನು ಒಳಗೇ ಉಳಿಸಿಕೊಳ್ಳುತ್ತೆ. ಅಟೆನೊಲಾಲ್ ಹೊರಹೋಗೋದು ಮೂತ್ರದಲ್ಲಿ. ಕ್ರಿಯಾಟಿನಿನ್ ಕ್ಲಿಯರೆನ್ಸ್ (ಕಿಡ್ನಿ ನಿಮಿಷಕ್ಕೆ ಎಷ್ಟು ಎಂಎಲ್ ರಕ್ತ ಶುದ್ಧ ಮಾಡುತ್ತೆ ಅನ್ನೋ ಲೆಕ್ಕ) 15–35ಕ್ಕೆ ಇಳಿದರೆ ದಿನಕ್ಕೆ 50 ಎಂಜಿ ಮೀರಬಾರದು, 15ಕ್ಕಿಂತ ಕಡಿಮೆಯಾದರೆ 25. ನಿಮ್ಮ ಅಪ್ಪನಿಗೆ ವಯಸ್ಸು 60 ದಾಟಿದ್ದರೆ ಕ್ರಿಯಾಟಿನಿನ್ 2.4 ಅಂದರೆ ಕ್ಲಿಯರೆನ್ಸ್ ಹೆಚ್ಚುಕಡಿಮೆ 30ರ ಆಸುಪಾಸು, ಆದ್ದರಿಂದ 100 ಎಂಜಿ ಅತಿಯಾಯಿತು. ಸುಸ್ತು, ತಲೆಸುತ್ತು ಇದ್ದರೆ ನಾಡಿ ಎಣಿಸಿ. ಮೆಟೊಪ್ರೊಲಾಲ್, ಕಾರ್ವೆಡಿಲಾಲ್ ಲಿವರ್‌ನಲ್ಲಿ ಕರಗುತ್ತವೆ, ಹಾಗಾಗಿ ಬದಲಾಯಿಸಬಹುದಾ ಅಂತ ಡಾಕ್ಟರನ್ನು ಕೇಳಿ.

ಕಿಡ್ನಿಯನ್ನು ನಿಜವಾಗಿ ತಿನ್ನೋದು ಹಿಡಿತಕ್ಕೆ ಬಾರದ ಬಿಪಿ, ಶುಗರ್, ಜೊತೆಗೆ ಮಂಡಿನೋವಿಗೆ ಅಂತ ಮೆಡಿಕಲ್ ಶಾಪ್‌ನಿಂದ ಚೀಟಿಯಿಲ್ಲದೆ ತರುವ ಡೈಕ್ಲೋಫೆನಾಕ್. ಮೂರನೆಯದನ್ನು ಇವತ್ತೇ ಮನೆಯಿಂದ ಆಚೆ ಹಾಕಿ.

ಮೂತ್ರದಲ್ಲಿ ಪ್ರೋಟೀನ್ (ಆಲ್ಬುಮಿನ್) ಸೋರುತ್ತಿದೆಯಾ ಅಂತ ನೋಡುವ ಎಸಿಆರ್ ಟೆಸ್ಟನ್ನೂ ಮಾಡಿಸಿ. ಅದು 30 (ಎಂಜಿ/ಗ್ರಾಂ) ದಾಟಿದ್ದರೆ ಕಿಡ್ನಿಯನ್ನೂ ಕಾಪಾಡುವ ಬಿಪಿ ಮಾತ್ರೆಗಳಾದ ರಾಮಿಪ್ರಿಲ್ ಅಥವಾ ಟೆಲ್ಮಿಸಾರ್ಟನ್ ಥರದ್ದು ಯಾಕಿಲ್ಲ ಅಂತ ಕೇಳಲೇಬೇಕು. ಬಿಪಿಯಿಂದ ಕಿಡ್ನಿ ಕೆಟ್ಟ ಆಫ್ರಿಕನ್-ಅಮೆರಿಕನ್ನರ ಮೇಲೆ ನಡೆದು 2002ರಲ್ಲಿ ಪ್ರಕಟವಾದ 'ಆಸ್ಕ್' ಅಧ್ಯಯನದಲ್ಲಿ ಮೆಟೊಪ್ರೊಲಾಲ್‌ಗಿಂತ ರಾಮಿಪ್ರಿಲ್ ಕಿಡ್ನಿಯನ್ನು ಚೆನ್ನಾಗಿ ಕಾಪಾಡಿತು. ಇಂಥ ಮಾತ್ರೆ ಶುರು ಮಾಡಿದ 2–4 ವಾರದಲ್ಲಿ ಪೊಟ್ಯಾಸಿಯಂ, ಕ್ರಿಯಾಟಿನಿನ್ ನೋಡಿಸಿ. ಕ್ರಿಯಾಟಿನಿನ್ 30% ಒಳಗೆ ಏರಿದರೆ ಸಾಮಾನ್ಯವಾಗಿ ಮಾತ್ರೆ ಬಿಡಿಸಲ್ಲ. ಅಪ್ಪನಿಗೆ ಹಾರ್ಟ್ ಅಟ್ಯಾಕ್ ಅಥವಾ ಹಾರ್ಟ್ ಫೇಲ್ಯೂರ್ ಆಗಿದ್ದರೆ ಬೀಟಾ ಬ್ಲಾಕರ್ ಬೇಕೇ ಬೇಕಾಗಬಹುದು, ಅದನ್ನೂ ಮರೆಯದೆ ಹೇಳಿ.

ನಾಡಿ 50ಕ್ಕಿಂತ ಕೆಳಗಿದ್ದು ಕಣ್ಣು ಕತ್ತಲೆ ಬರುತ್ತಿದ್ದರೆ ಅಪಾಯಿಂಟ್‌ಮೆಂಟ್‌ಗೆ ಕಾಯಬೇಡಿ, ಈಗಲೇ ಎಮರ್ಜೆನ್ಸಿಗೆ ಕರ್ಕೊಂಡು ಹೋಗಿ.